ಗಿಳಿಯ ಬಾಲ ಅಡಗಿದ ಮಡಿಕೆ

ನಮ್ಮ ಸಂಗ್ರಹಾಲಯದ ಇಸ್ಲಾಮಿ ಕಲಾ ವಿಭಾಗದ ಒಂದು ಪುಟ್ಟ ರೇಷ್ಮೆ ನಿಲುವಂಗಿಗೆ ನಾನೂರು ವರ್ಷ. ದುರಸ್ತಿ ಕೋಣೆಯ ಬಿಳಿ ಮೇಜಿನ ಮೇಲೆ, ಎತ್ತಿಕೋ ಅನ್ನುವ ಮಗುವಿನ ಹಾಗೆ ತೋಳು ಚಾಚಿ ಮಲಗಿತ್ತು. ಕೆಳಅಂಚಿನ ಹತ್ತಿರ ಬಟ್ಟೆ ಮಡಚಿ ಹೊಲಿದ ಒಂದು ಮಡಿಕೆ. ನೇಯ್ದ ಗಿಳಿಗಳ ಒಂದು ಸಾಲಿನ ಬಾಲವೆಲ್ಲ ಅದರೊಳಗೆ.

"ಯಾರೋ ಆಮೇಲೆ ಹಾಕಿದ ಒರಟು ಹೊಲಿಗೆ. ನಾಳೆ ಬಿಚ್ಚಿಬಿಡು, ಗಿಳಿಗಳು ಪೂರ್ತಿ ಕಾಣಲಿ," ಅಂದರು ನಮ್ಮ ಮುಖ್ಯಸ್ಥೆ ಮೇಡಂ.

ನನಗೆ ಮನಸ್ಸಾಗಲಿಲ್ಲ. ಒಮ್ಮೆ ಬಿಚ್ಚಿದರೆ ಮುಗಿಯಿತು, ಆ ದಾರ ಮತ್ತೆ ಕೂರುವುದಿಲ್ಲ. ಮರುದಿನ ಮೇಡಂ ಒಪ್ಪಿಗೆ ಪಡೆದು ನನ್ನ ಅಜ್ಜಿಯನ್ನೇ ಕರೆತಂದೆ; ಮೇಡಂ ಕೂಡ ಮೇಜಿನ ಪಕ್ಕ ಬಂದು ನಿಂತರು. ಅಜ್ಜಿ ಐವತ್ತು ವರ್ಷ ಮಕ್ಕಳ ಬಟ್ಟೆ ಹೊಲಿದವಳು. ಹೊಲಿಯುತ್ತಲೇ ನನಗೆ ರಾಜಕುಮಾರರ ಕಥೆ ಹೇಳಿದವಳು.

"ಅಜ್ಜಿ, ಮುಟ್ಟಬೇಡ ಮತ್ತೆ."

"ಕೈ ಹಿಂದೆ ಕಟ್ಕೊಂಡಿದೀನಿ ನೋಡೇ, ಶಾಲೆ ತಪಾಸಣೆಗೆ ಬಂದೋರ ಹಾಗೆ."

ಭೂತಗನ್ನಡಿಯಲ್ಲಿ ಬಗ್ಗಿ ನೋಡಿದಳು. "ಬೆಳೆಯೋ ಮಗೂದು ಇದು. ಉದ್ದ ಹೊಲಿದು ಮಡಚಿಡೋದು, ಬೆಳೆದ ಹಾಗೆ ಒಂದೊಂದೇ ಮಡಿಕೆ ಬಿಚ್ಚೋದು. ಮೇಲೆ ಸೂಜಿ ತೂತು ನೋಡು, ಎರಡು ಜೊತೆ ಸಾಲು. ಅಲ್ಲಿದ್ದ ಎರಡು ಮಡಿಕೇನೂ ಬಿಚ್ಚಿಯಾಗಿದೆ."

"ಮತ್ತೆ ಇದನ್ಯಾಕೆ ಬಿಚ್ಚಲಿಲ್ಲ? ಮಗು ಬೆಳೀಲೇ ಇಲ್ವಾ?" ನನ್ನ ಕಣ್ಣು ತುಂಬಿಕೊಂಡಿತು.

"ಅಯ್ಯೋ, ಕಥೆ ಹೇಳಿ ಹೇಳಿ ಇವಳನ್ನ ನಾನೇ ಕೆಡಿಸಿದ್ದು," ಅಂತ ಅಜ್ಜಿ ಮೇಡಂಗೆ ದೂರು ಹೇಳಿದಳು. "ಪೆದ್ದೀ, ಮಡಿಕೆ ಒಳಗೆ ಇಣುಕು. ಅಲ್ಲೂ ಬಣ್ಣ ಮಾಸಿದೆ, ಹೊರಗಿನಷ್ಟೇ. ದಾರಾನೂ ಬೇರೆ, ಉಳಿದ ಹೊಲಿಗೇದಲ್ಲ. ಇದನ್ನೂ ಬಿಚ್ಚಿ, ತೊಡಿಸಿ ಓಡಾಡಿಸಿ, ಆಮೇಲೆ ಮತ್ತೆ ಮಡಚಿದಾರೆ. ದೊಡ್ಡ ಮಗು ಬೆಳೀತು, ಅಂಗಿ ಚಿಕ್ಕದಕ್ಕೆ ಬಂತು. ಅವಸರದಲ್ಲಿ ಹೊಲಿದಿದಾಳೆ ಅವರಮ್ಮ ಪಾಪ, ಚಿಕ್ಕದು ಕಾಲು ಸುತ್ತ ಕುಣೀತಿತ್ತೋ ಏನೋ."

ಮೇಡಂ ತಾವೂ ಬಗ್ಗಿ ಮಡಿಕೆಯೊಳಗೆ ಬಹಳ ಹೊತ್ತು ನೋಡಿದರು.

"ನಮ್ಮನೇಲಿ ನಾನು ಐದನೇವಳು," ಅಂದರು ಕೊನೆಗೆ. "ಹೊಸ ಬಟ್ಟೆ ಹೇಗಿರುತ್ತೆ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೇ."

"ಗೊಣಗ್ತಿದ್ರಾ?" ಅಂದಳು ಅಜ್ಜಿ.

"ಅಕ್ಕಂದಿರನ್ನ ಕೇಳಿ!"

ಮೇಡಂ ನನ್ನ ಸಲಕರಣೆ ತಟ್ಟೆಯಲ್ಲಿದ್ದ ಸಣ್ಣ ಕತ್ತರಿಯನ್ನು ಎತ್ತಿ ತಾವೇ ಡ್ರಾಯರಿಗೆ ಹಾಕಿದರು.

ಈಗ ಗಾಜಿನ ಪೆಟ್ಟಿಗೆಯಲ್ಲಿ ಅಂಗಿ ಮಡಿಕೆ ಸಮೇತ ನಿಂತಿದೆ. ನೋಡಲು ಬಂದ ಮಕ್ಕಳು ಒಂದು ಸಾಲು ಗಿಳಿಗೆ ಬಾಲವೇ ಇಲ್ಲ ಯಾಕೆ ಅಂತ ಕೇಳದೆ ಇರುವುದಿಲ್ಲ. ಅಜ್ಜಿಯ ಹಾಗೆ ಕಥೆ ಹೇಳಲು ನಾನು ಕುರ್ಚಿ ಎಳೆದುಕೊಳ್ಳುತ್ತೇನೆ.