ಫೋಟೋಗೆ ಬೆಲ್ಟು

ಬೆಲ್ಟು ಇದ್ದದ್ದು ಒಂದೇ. ಗೋಡೆ ಏರುವವರು ಎಂಟು ಮಂದಿ.

ಬೆಳಿಗ್ಗೆ ಗೋದಾಮಿನ ಮುಂದೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಮುಂದಿದ್ದವನು ಸೇಫ್ಟಿ ಬೆಲ್ಟನ್ನು ಸೊಂಟಕ್ಕೆ ಬಿಗಿದು, ಹೆಲ್ಮೆಟ್ ಇಟ್ಟುಕೊಂಡು, ಫೋನಿನಲ್ಲಿ ತನ್ನ ಫೋಟೋ ತಾನೇ ಹೊಡೆದುಕೊಳ್ಳಬೇಕು. ಫೋಟೋ ಇಂಟರ್ನೆಟ್ ಕಂಪನಿಗೆ ಹೋದರೆ ಮಾತ್ರ ಅವತ್ತಿನ ಕೆಲಸ ಫೋನಿಗೆ ಬರುತ್ತದೆ. ಯಾವ ಮನೆ, ಯಾವ ಗೋಡೆ, ವೈಫೈ ಡಬ್ಬಿ ಎಲ್ಲಿ ಕೂರಬೇಕು, ಎಲ್ಲ ಅದರಲ್ಲೇ. ಆಮೇಲೆ ಬೆಲ್ಟು ಬಿಚ್ಚಿ ಹಿಂದಿನವನ ಕೈಗೆ. ಕೊನೆಯವನದ್ದೂ ಮುಗಿದ ಮೇಲೆ ಅದು ಸೂಪರ್‌ವೈಸರ್ ಕಾರಿನ ಡಿಕ್ಕಿಗೆ ಹೋಗಿ ಮಲಗುತ್ತದೆ. ಅದರ ಹಗ್ಗದ ಕೊಂಡಿ ಮುರಿದು ಎಷ್ಟು ಕಾಲವಾಯಿತೋ ಯಾರಿಗೂ ನೆನಪಿಲ್ಲ.

"ಮದುವೆ ಗಂಡಿಗೆ ಬಾಡಿಗೆ ಕೋಟು ತಂದಂಗೆ ಇದು" ಅಂತ ನಗಾಡುತ್ತಿದ್ದರು. ಹಾಗೆ ನಗಿಸುತ್ತಿದ್ದವನು ಹಲ್ಲಿಯ ಭಾವ.

ಹಲ್ಲಿ ಅನ್ನುವ ಹೆಸರು ಇಟ್ಟಿದ್ದೂ ಭಾವನೇ. ಅಕ್ಕನ ಗಂಡ. ಕೆಲಸವಿಲ್ಲದೆ ಅಲೆಯುತ್ತಿದ್ದ ಭಾಮೈದನನ್ನು ಕೈಹಿಡಿದು ತಂದು, ಡ್ರಿಲ್ಲು ಹಿಡಿಯೋದು ಕಲಿಸಿ, ಸಜ್ಜಾ ಮೇಲೆ ಹೆಜ್ಜೆ ಇಡೋದು ಕಲಿಸಿದ. "ಗೋಡೆಗೆ ಅಂಟ್ಕೊಂಡಂಗೆ ನಿಲ್ತೀಯಲ್ಲೋ, ಹಲ್ಲಿ ಥರ" ಅಂದಿದ್ದ. ಆ ಹೆಸರು ಅವನಿಗೆ ಅಂಟಿತು.

ಈಗ ಭಾವ ಸರ್ಕಾರಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ. ಸೊಂಟದ ಮೂಳೆ ಮುರಿದಿತ್ತು. ಎಡಗಾಲು ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ.

ಬಿದ್ದದ್ದನ್ನು ಹಲ್ಲಿ ಕಣ್ಣಾರೆ ಕಂಡಿದ್ದ. ಕೆಳಗೆ ಅಂಗಳದಲ್ಲಿ ಕೇಬಲ್ ಸುರುಳಿ ಬಿಚ್ಚುತ್ತ ನಿಂತಿದ್ದವನು ತಲೆ ಎತ್ತಿದಾಗ ಭಾವ ಎರಡನೇ ಮಹಡಿಯ ಗೋಡೆಯಲ್ಲಿ ಡಬ್ಬಿಯ ಕಬ್ಬಿಣದ ಬ್ರಾಕೆಟ್ಟಿಗೆ ಕೊನೆಯ ಬೋಲ್ಟು ಬಿಗಿಯುತ್ತಿದ್ದ. ಮೈಭಾರ ಒಂದಿಷ್ಟು ಆ ಬ್ರಾಕೆಟ್ಟಿನ ಮೇಲೆ ಬಿಟ್ಟ. ಬೇರೆ ಹಿಡಿಯುವುದಕ್ಕೆ ಏನಿತ್ತು? ಗಾರೆ ದೋಸೆಯ ಹಾಗೆ ಎದ್ದು ಬಂತು. ಭಾವ ಕಿರುಚಲಿಲ್ಲ. ನಿಂತಿದ್ದ ಸ್ಕೂಟರಿನ ಮೇಲೆ ಬಿದ್ದು ನೆಲಕ್ಕೆ ಉರುಳಿದ. ಡಬ್ಬಿ ಮಾತ್ರ ಬೀಳದೆ ಕೇಬಲ್ಲಿನಲ್ಲಿ ನೇತಾಡುತ್ತ ಉಳಿಯಿತು.

ಅವತ್ತಿನಿಂದ ಹಲ್ಲಿಗೆ ಮಂಚದಿಂದ ಕಾಲು ಕೆಳಗಿಡುವಾಗಲೂ ಎದೆ ಝಲ್ ಅನ್ನುತ್ತಿತ್ತು. ಹೆಂಡತಿಗೆ ಹೇಳಲಿಲ್ಲ. ಗೋಡೆ ಹತ್ತುವವನು ಹೆದರಿದ್ದಾನೆ ಅಂತ ಗೊತ್ತಾದರೆ ಕೆಲಸ ಉಳಿಯುತ್ತದೆಯೇ? ಎರಡು ದಿನ ಮೈ ಸರಿಯಿಲ್ಲ ಅಂತ ತಪ್ಪಿಸಿಕೊಂಡ. ಮೂರನೇ ದಿನ ಸೂಪರ್‌ವೈಸರ್ ಫೋನು ಮಾಡಿದ.

"ಎರಡು ಕೆಲಸ ಇದೆ ನಿಂಗೆ. ಅದೇ ಮನೆಗೆ ಹೋಗಿ ಡಬ್ಬಿ ಕೂರಿಸು. ಮನೆಯವರು ಇಂಟರ್ನೆಟ್ ಇಲ್ಲ ಅಂತ ಪ್ರಾಣ ತಿಂತಿದಾರೆ. ಆಮೇಲೆ ನಾನೇ ಅಲ್ಲಿಗೆ ಬರ್ತೀನಿ. ಫೋನಲ್ಲಿ ಒಂದು ವಿಡಿಯೋ. ಎರಡೇ ಮಾತು."

"ಏನ್ ಹೇಳ್ಬೇಕು ಸಾರ್?"

"ಬೆಲ್ಟು ಕೊಟ್ಟಿದ್ರು, ನಮ್ಮ ಭಾವನೇ ಸೆಕೆ ಅಂತ ಬಿಚ್ಚಿಟ್ಟ. ಅಷ್ಟೇ."

ಹಲ್ಲಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಸುಳ್ಳೇನಲ್ಲ ಕಣೋ. ಬೆಲ್ಟು ಹಾಕ್ಕೊಂಡಿರೋ ಫೋಟೋ ಇದೆ. ನೀನು ಹೇಳಿದ್ರೆ ಕಂಪನಿಯವರ ಕೈಕಾಲು ಹಿಡಿದು ಆಸ್ಪತ್ರೆಗೆ ಏನಾದ್ರೂ ಮಾಡಿಸ್ತೀನಿ. ಇಲ್ಲಾಂದ್ರೆ ಅವನ ಕೆಲಸಾನೂ ಇಲ್ಲ, ನಿನ್ನ ಕೆಲಸಾನೂ ಇಲ್ಲ."

ಹಲ್ಲಿ ಮೊದಲು ಆಸ್ಪತ್ರೆಗೆ ಹೋದ. ಅಕ್ಕ ವಾರ್ಡಿನ ಹೊರಗೆ ನೆಲದ ಮೇಲೆ ಕೂತು ಗಂಡನ ಅಂಗಿ ಮಡಿಸುತ್ತಿದ್ದಳು. ಅವನು ಎಲ್ಲ ಹೇಳಿದ. ಅವಳು ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದಳು.

"ನಿನ್ನೆ ನಿಮ್ಮ ಸೂಪರ್‌ವೈಸರ್ ಇಲ್ಲಿಗೂ ಬಂದಿದ್ದ, ಇವರದೇ ತಪ್ಪು ಅಂತ ಬರೆಸ್ಕೊಳ್ಳೋಕೆ" ಅಂದಳು. "ಹಾಗೆ ಇವರದೇ ತಪ್ಪು ಅಂತಾದ್ರೆ ವಿಮೆ ಒಂದು ಬಿಡಿಗಾಸೂ ಬರಲ್ಲ ಅಂತ ಪಕ್ಕದ ಮಂಚದೋರು ಹೇಳಿದ್ರು. ಆ ಮನುಷ್ಯ ನಿನ್ನ ಹತ್ರ ಬೇರೆ ಥರ ಹೇಳಿದಾನೆ."

"ನಾನೇನು ಮಾಡ್ಲಿ ಅಕ್ಕ?"

"ನಾನು ಹೇಳಲ್ಲ. ನಿಂಗೂ ಮನೆ ಇದೆ." ಅಂಗಿಯ ಸುಕ್ಕು ತೀಡುತ್ತ ಕೇಳಿದಳು, "ಅದೇ ಗೋಡೆ ಹತ್ತುತೀಯಾ?"

"ಡಬ್ಬಿ ಇನ್ನೂ ನೇತಾಡ್ತಿದೆ. ಕೆಳಗೆ ಜನ ಓಡಾಡ್ತಾರೆ."

ಅಕ್ಕ ಅವನ ಮುಖ ನೋಡಲಿಲ್ಲ. ಮಡಿಸಿದ ಅಂಗಿಯನ್ನು ಎದೆಗೆ ಒತ್ತಿಕೊಂಡಳು.

ಆ ಮನೆಗೆ ಹೋಗುವಾಗ ಜೊತೆಗೆ ಬಂದವನು ಕನ್ನಡಕ. ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದ ಫಿಟ್ಟರ್. ತೋರಿಸಿದ ಕಡೆ ಹೋಗುವವನು, ಕೊಟ್ಟಷ್ಟು ತಗೊಳ್ಳುವವನು.

ಅಂಗಳದಲ್ಲಿ ಆ ಸ್ಕೂಟರ್ ಹಾಗೇ ನಿಂತಿತ್ತು. ಸೀಟು ಒಳಗೆ ಕುಸಿದಿತ್ತು. ಮೇಲೆ ಡಬ್ಬಿ ಗಾಳಿಗೆ ತೂಗುತ್ತ ಗೋಡೆಗೆ ಟಕ್ ಟಕ್ ಅಂತ ಬಡಿಯುತ್ತಿತ್ತು. ಶಾಲೆಯಿಂದ ಬಂದ ಮಗುವೊಂದು ಸರಿಯಾಗಿ ಅದರ ಕೆಳಗೇ ಹಾದು ಒಳಗೆ ಹೋಯಿತು.

ಮೆಟ್ಟಿಲ ಬದಿಯ ಕಿಟಕಿಯಿಂದ ಹೊರಗೆ ಕಾಲಿಟ್ಟರೆ ಕೆಳಗಿನ ಮನೆಯ ಸಜ್ಜಾ. ಒಂದು ಪಾದಕ್ಕಿಂತ ಚೂರು ಅಗಲ. ಅದರ ಮೇಲೆ ಗೋಡೆಗೆ ಎದೆ ಒತ್ತಿಕೊಂಡು ಅಡ್ಡಡ್ಡ ಹೋದರೆ ಎರಡನೇ ಮಹಡಿಯ ಅಡುಗೆಮನೆ ಕಿಟಕಿ. ಅದರ ಆಚೆ ಡಬ್ಬಿ.

"ಬೇಡ ಅನಿಸಿದ್ರೆ ವಾಪಸ್ ಬಂದ್ಬಿಡು" ಅಂದ ಕನ್ನಡಕ, ಕಿಟಕಿಯಲ್ಲಿ ನಿಂತು.

ಹಲ್ಲಿ ಹೊರಗೆ ಕಾಲಿಟ್ಟ. ಮೊದಲ ಹೆಜ್ಜೆ ಸರಿಹೋಯಿತು. ಎರಡನೆಯದೂ. ಅಡುಗೆಮನೆ ಕಿಟಕಿ ಹತ್ತಿರ ಬರುವಷ್ಟರಲ್ಲಿ ಕಣ್ಣು ಕೆಳಗೆ ಜಾರಿತು. ಸ್ಕೂಟರಿನ ಕುಸಿದ ಸೀಟು ಕಂಡಿತು. ಮೊಣಕಾಲು ತನ್ನಷ್ಟಕ್ಕೆ ತಾನೇ ನಡುಗತೊಡಗಿತು. ನಿಲ್ಲಿಸಲು ನೋಡಿದಷ್ಟೂ ಹೆಚ್ಚಾಯಿತು. ಅಂಗೈ ಬೆವರಿ ಗೋಡೆ ಜಾರುತ್ತಿತ್ತು. ಮುಂದೆ ಹೋಗಲಾರ, ಹಿಂದೆ ಬರಲಾರ. ಕನ್ನಡಕ ಏನೋ ಹೇಳುತ್ತಿದ್ದ, ಕೇಳಿಸಲಿಲ್ಲ. ಇಲ್ಲೇ ಬೀಳುತ್ತೇನೆ ಅನ್ನುವುದು ಅವನಿಗೆ ಖಾತ್ರಿಯಾಯಿತು. ಬಿದ್ದರೆ ನಾಳೆ ತನ್ನ ಫೋಟೋವನ್ನೂ ಹೆಂಡತಿಗೆ ತೋರಿಸುತ್ತಾರೆ. ನೋಡಮ್ಮ, ಬೆಲ್ಟು ಕೊಟ್ಟಿದ್ವಿ.

ಆಗ ಅಡುಗೆಮನೆ ಕಿಟಕಿಯ ಸರಳುಗಳ ನಡುವಿನಿಂದ ಒಂದು ಕೈ ಬಂದು ಅವನ ಮಣಿಕಟ್ಟು ಹಿಡಿಯಿತು. ಒದ್ದೆ ಕೈ. ಸೋಪಿನ ವಾಸನೆ.

"ಕೆಳಗೆ ನೋಡ್ಬೇಡ. ನನ್ನ ಕಡೆ ನೋಡು."

ಆ ಮನೆಯಲ್ಲಿ ಅಡುಗೆ ಮಾಡುವ ಹೆಂಗಸು. ವಯಸ್ಸಾದವಳು, ಹಲ್ಲಿಯ ತಾಯಿಯಷ್ಟು. ಹಿಡಿತ ಮಾತ್ರ ಇಕ್ಕಳದ ಹಾಗಿತ್ತು.

"ಉಸಿರು ಬಿಡು ಮಗ. ಕಟ್ಟಿ ಇಟ್ಕೋಬೇಡ."

ಅವನು ಉಸಿರು ಬಿಟ್ಟ. ಬಿಟ್ಟಾಗ ಅಳುವಿನಂಥ ಸದ್ದು ಬಂತು. ಅವನಿಗೆ ನಾಚಿಕೆಯಾಯಿತು. ಅವಳು ಅದನ್ನು ಕೇಳಿಸಿಕೊಳ್ಳದವಳಂತೆ ಇನ್ನೊಂದು ಕೈಯಿಂದ ಬಟ್ಟೆ ಒಣಹಾಕುವ ಹಗ್ಗ ಎಳೆದುಕೊಂಡಳು. ಅದರ ಒಂದು ತುದಿ ಮೊದಲೇ ಸರಳಿಗೆ ಕಟ್ಟಿತ್ತು, ಇನ್ನೊಂದನ್ನು ಹೊರಗೆ ತೂರಿಸಿದಳು. "ಸೊಂಟಕ್ಕೆ ಸುತ್ಕೋ."

ಅವನು ಒಂದೇ ಕೈಯಲ್ಲಿ ಸುತ್ತಿಕೊಳ್ಳುವಾಗ ಅವಳು ಕೇಳಿದಳು, "ಅವತ್ತು ಬಿದ್ದೋರು ನಿಂಗೇನಾಗ್ಬೇಕು?"

"ಭಾವ."

"ನಾನು ಕೇಳಿದ್ದೆ ಅವರನ್ನ. ಹಗ್ಗ ಇಲ್ವೇನಪ್ಪ ನಿಂಗೆ ಅಂತ. ಹಗ್ಗ ಫೋಟೋದಲ್ಲಿದೆ ಅಮ್ಮ ಅಂತ ನಕ್ರು. ನಂಗೆ ಅರ್ಥ ಆಗ್ಲಿಲ್ಲ. ಆಗ್ಲೇ ಈ ಹಗ್ಗ ಕೊಡ್ಬಹುದಿತ್ತು." ಅವಳು ಸರಳಿನ ಗಂಟನ್ನು ಎಳೆದು ನೋಡಿದಳು. "ಕೊಡ್ಲಿಲ್ಲ."

ಒಳಗಿನಿಂದ ಮನೆಯೊಡೆಯನ ದನಿ ಬಂತು. "ಏನಂತೆ? ಇಂಟರ್ನೆಟ್ ಬಂತಾ?"

"ಇನ್ನೂ ಇಲ್ಲ ಸಾರ್" ಅಂದಳು ಅವಳು, ಹಲ್ಲಿಯ ಕೈ ಬಿಡದೆ.

ಹಲ್ಲಿ ಹಗ್ಗದ ಗಂಟು ಬಿಗಿದು ಡಬ್ಬಿಯವರೆಗೆ ಸರಿದ. ಗಾರೆ ಕಿತ್ತುಹೋದ ಜಾಗದಲ್ಲಿ ಇಟ್ಟಿಗೆ ಕಾಣುತ್ತಿತ್ತು. ಅದರ ಸುತ್ತ ಬೆರಳಿನ ಗಿಣ್ಣಿನಿಂದ ಬಡಿದು ನೋಡಿದ. ಎಲ್ಲ ಕಡೆ ಟೊಳ್ಳು ಸದ್ದು. ಇಲ್ಲಿ ಎಂಥ ಬೋಲ್ಟು ಹೊಡೆದರೂ ನಿಲ್ಲುವುದಿಲ್ಲ. ಇವತ್ತು ನಿಂತರೂ ಒಂದು ಜೋರು ಗಾಳಿಗೆ ಯಾರದೋ ತಲೆಯ ಮೇಲೆ ಬರುತ್ತದೆ. ಅವನು ಬೋಲ್ಟು ಹೊರತೆಗೆಯಲೇ ಇಲ್ಲ. ಡಬ್ಬಿಯನ್ನು ಬ್ರಾಕೆಟ್ ಸಮೇತ ಎಳೆದುಕೊಂಡು, ಕೇಬಲ್ ಬಿಡಿಸಿ, ಹೆಗಲ ಚೀಲಕ್ಕೆ ಹಾಕಿಕೊಂಡ. ಕೇಬಲ್ಲಿನ ತುದಿಯನ್ನು ಸರಳಿಗೆ ಕಟ್ಟಿದ. ವಾಪಸ್ಸು ಬರುವಷ್ಟೂ ಹೊತ್ತು ಆ ಹೆಂಗಸು ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದಳು.

ಅವನು ಕೆಳಗಿಳಿದಾಗ ಸೂಪರ್‌ವೈಸರ್ ಕಾರಿಗೆ ಒರಗಿ ನಿಂತಿದ್ದ.

"ಡಬ್ಬಿ ಯಾಕೆ ಇಳಿಸ್ದೆ?"

"ಗೋಡೆ ಟೊಳ್ಳು ಸಾರ್. ಹಿಡಿಯಲ್ಲ."

"ಅದು ಆಮೇಲೆ ನೋಡೋಣ. ಬಾ ಇಲ್ಲಿ, ಬೆಳಕಿಗೆ ನಿಲ್ಲು."

ಫೋನು ಮುಖದ ಮುಂದೆ ಬಂತು. ಮೇಲೆ ನಡುಗಿದ್ದ ಕಾಲು ಗಟ್ಟಿ ನೆಲದ ಮೇಲೂ ನಡುಗುತ್ತಿತ್ತು. ಇದು ಇನ್ನೊಂದು ಥರದ ಸಜ್ಜಾ ಅನಿಸಿತು ಹಲ್ಲಿಗೆ. ಇಲ್ಲಿ ಹಿಡಿಯಲು ಸರಳೂ ಇಲ್ಲ. ಮನೆ, ಹೆಂಡತಿ, ಬಾಡಿಗೆ, ಆಸ್ಪತ್ರೆ ಎಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗಿದವು. ಹೇಳಿಬಿಡೋಣ ಅಂತಲೇ ಬಾಯಿ ತೆರೆದ.

"ಬೆಲ್ಟು ಕೊಟ್ಟಿದ್ರು."

"ಹ್ಞಾ. ಆಮೇಲೆ?"

ಮುಂದೆ ಭಾವನ ಹೆಸರು ಹೇಳಬೇಕಿತ್ತು. ಹಲ್ಲಿ ಮೇಲೆ ಗಾರೆ ಕಿತ್ತ ಜಾಗ ನೋಡಿದ.

"ಫೋಟೋಗೆ ಕೊಟ್ಟಿದ್ರು. ಫೋಟೋ ಆದ್ಮೇಲೆ ಕಿತ್ಕೊಂಡ್ರು."

ಸೂಪರ್‌ವೈಸರ್ ಫೋನು ಕೆಳಗಿಳಿಸಿ ಏನೋ ಒತ್ತಿದ. ಅಳಿಸಿರಬೇಕು. ಮತ್ತೆ ಎತ್ತಿದ. ದನಿ ತಗ್ಗಿಸಿ, ತುಂಬ ಮೆತ್ತಗೆ ಹೇಳಿದ: "ನಿನ್ನ ಫೋಟೋನೂ ನಮ್ಮ ಹತ್ರ ಇದೆ. ದಿನಾ ಒಂದೊಂದು. ನೆನಪಿಟ್ಕೊಂಡು ಮಾತಾಡು. ಇನ್ನೊಂದ್ಸಲ."

ಹಲ್ಲಿ ಹೆಗಲ ಚೀಲದ ಪಟ್ಟಿ ಬಿಗಿಹಿಡಿದ. ಆಗ ಪಕ್ಕದಿಂದ ಕನ್ನಡಕ ಒಂದು ಹೆಜ್ಜೆ ಮುಂದೆ ಬಂದ. ಕಣ್ಣಿನ ದಪ್ಪ ಗಾಜು ತೆಗೆದು ಅಂಗಿಗೆ ಒರೆಸಿಕೊಂಡ. ಬಹುಶಃ ಎದುರಿನವನ ಮುಖ ಮಸುಕಾಗಿ ಕಂಡರೆ ಮಾತಾಡೋದು ಸಲೀಸು ಅಂತಿರಬಹುದು.

"ನಂಗೂ ಹಾಗೇ ಸಾರ್. ಫೋಟೋಗಷ್ಟೇ ಕೊಡ್ತೀರಿ. ಬೇಕಾದ್ರೆ ನಂದೂ ತಗೊಳ್ಳಿ ವಿಡಿಯೋ."

"ನಾನು ಕಂಡದ್ದನ್ನೂ ತಗೊಳ್ಳಿ." ಅಡುಗೆಯ ಹೆಂಗಸಿನ ದನಿ ಮೇಲಿನ ಕಿಟಕಿಯಿಂದ ಬಂತು.

ಸೂಪರ್‌ವೈಸರ್ ಒಮ್ಮೆ ಮೇಲೆ ನೋಡಿದ, ಒಮ್ಮೆ ಇವರಿಬ್ಬರನ್ನು ನೋಡಿದ. ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡಿದ. ಸ್ವಲ್ಪ ಹೊತ್ತಿಗೆ ಹಲ್ಲಿಯ ಫೋನು ಜೇಬಿನಲ್ಲಿ ಕುಯ್ಯೆಂದಿತು. ಕನ್ನಡಕನದ್ದೂ. ತೆಗೆದು ನೋಡಿದರೆ ಇಬ್ಬರ ಕೆಲಸದ ಪರದೆಯೂ ಖಾಲಿ. ನಿಮ್ಮನ್ನು ತಂಡದಿಂದ ಕೈಬಿಡಲಾಗಿದೆ ಅಂತ ಒಂದು ಸಾಲು.

"ಮುಗೀತು" ಅಂದ ಕನ್ನಡಕ. ಅವನ ಮುಖ ಬಿಳಿಚಿಕೊಂಡಿತ್ತು.

ಹೆಂಡತಿಗೆ ಏನು ಹೇಳುವುದು ಅಂತ ಹಲ್ಲಿಗೆ ಹೊಳೆಯಲಿಲ್ಲ. ಅಲ್ಲಿಂದ ಹೊರಟುಹೋಗಲೂ ಮನಸ್ಸು ಬರಲಿಲ್ಲ. ಇಬ್ಬರೂ ಗೇಟಿನ ಕಟ್ಟೆ ಮೇಲೆ ಕೂತರು.

ಅರ್ಧ ಗಂಟೆಯಲ್ಲಿ ಒಂದು ಬೈಕು ಬಂತು. ಇವರದೇ ಬಣ್ಣದ ಕಂಪನಿ ಅಂಗಿಯ ಇಬ್ಬರು. ಅದೇ ಕಂಪನಿಗೆ ಆಳು ಕೊಡುವ ಬೇರೆ ಏಜೆನ್ಸಿಯವರು. ಹಿಂದೆ ಕೂತವನ ಹೆಗಲಲ್ಲಿ ಡ್ರಿಲ್ಲು. ಸೂಪರ್‌ವೈಸರ್ ಕಾರಿನಿಂದ ಇಳಿದು, "ಬನ್ನಿ ಬನ್ನಿ, ಅದೇ ಗೋಡೆ, ಬೇಗ ಮುಗಿಸಿ" ಅಂದ.

ಹಲ್ಲಿಗೆ ಒಂದು ಕ್ಷಣ ಅವರ ಮೇಲೆ ಸಿಟ್ಟು ಬಂತು. ತನ್ನ ಅನ್ನ ಕಿತ್ತುಕೊಳ್ಳಲು ಬಂದವರು. ಆಮೇಲೆ ಮುಂದೆ ಕೂತವನ ಚಪ್ಪಲಿ ಕಣ್ಣಿಗೆ ಬಿತ್ತು. ಸವೆದು ಕಾಗದದಷ್ಟು ತೆಳ್ಳಗಾದ ಚಪ್ಪಲಿ. ಆ ಚಪ್ಪಲಿಯಲ್ಲಿ ಆ ಸಜ್ಜಾ ಮೇಲೆ ಕಾಲಿಟ್ಟರೆ ಏನಾಗುತ್ತದೆ ಅನ್ನುವುದು ಅವನ ಕಣ್ಣಿಗೆ ಕಟ್ಟಿತು. ಎದ್ದು ಹೋಗಿ ಬೈಕಿಗೆ ಅಡ್ಡ ನಿಂತ.

"ಹತ್ಬೇಡಿ ಅಣ್ಣ. ಮೇಲಿನ ಗಾರೆ ಪೂರ್ತಿ ಟೊಳ್ಳಾಗಿದೆ."

"ನೀನ್ಯಾರಪ್ಪ ಹೇಳೋಕೆ?" ಅಂದ ಮುಂದಿದ್ದವನು. ನರೆತ ಗಡ್ಡ, ದಣಿದ ಕಣ್ಣು.

"ಅಲ್ಲಿಂದ ಬಿದ್ದೋರು ನಮ್ಮ ಭಾವ. ಬೆಲ್ಟು ಫೋಟೋಗಷ್ಟೇ ಕೊಟ್ಟಿದ್ರು. ಈಗ ಆಸ್ಪತ್ರೇಲಿದಾರೆ. ಆ ಸ್ಕೂಟರ್ ನೋಡಿ."

ನರೆತ ಗಡ್ಡದವನು ಸ್ಕೂಟರ್ ನೋಡಿದ. ಗೋಡೆಯಲ್ಲಿ ಗಾರೆ ಕಿತ್ತ ಗಾಯ ನೋಡಿದ. ಆಮೇಲೆ ಹಲ್ಲಿಯ ಕಾಲು ನೋಡಿದ. ಅದು ಇನ್ನೂ ನಡುಗುತ್ತಿತ್ತು.

"ನಮ್ಮಲ್ಲಿ ಬೆಲ್ಟು ಹಾಕಿದ ಹೊಸ ಫೋಟೋನೂ ಇಲ್ಲ" ಅಂದ ಅವನು ಮೆಲ್ಲಗೆ. "ಹಳೇದೊಂದನ್ನೇ ದಿನಾ ಹಾಕ್ತಾರೆ." ಬೈಕಿನ ಕೀಲಿ ತಿರುಗಿಸಿ ಇಂಜಿನ್ ಆರಿಸಿದ.

"ಏನ್ರೀ, ಇಳಿದು ಕೆಲ್ಸ ಶುರು ಮಾಡ್ರೀ" ಅಂದ ಸೂಪರ್‌ವೈಸರ್.

ಅವನು ಇಳಿದ. ಹಿಂದಿದ್ದವನೂ ಡ್ರಿಲ್ಲು ಕೆಳಗಿಟ್ಟು ಇಳಿದ. ಇಬ್ಬರೂ ಬಂದು ಕನ್ನಡಕನ ಪಕ್ಕ ಕಟ್ಟೆ ಮೇಲೆ ಕೂತರು. ಹಲ್ಲಿಗೂ ಜಾಗ ಬಿಟ್ಟರು, ಅವನೂ ಕೂತ. ಯಾರ ಮುಖದಲ್ಲೂ ಧೈರ್ಯ ಇರಲಿಲ್ಲ. ನರೆತ ಗಡ್ಡದವನು ತನ್ನ ಫೋನು ಯಾವಾಗ ಕುಯ್ಯೆನ್ನುತ್ತದೋ ಅಂತ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ.

ಮನೆಯೊಡೆಯ ಮೇಲಿನಿಂದ ಬಗ್ಗಿ ನೋಡಿ ಕೇಳಿದ. "ಇಷ್ಟು ಜನ ಇದೀರಲ್ಲ, ಹತ್ತೋರು ಯಾರ್ರೀ?"

ಕಟ್ಟೆ ಮೇಲಿನ ನಾಲ್ವರೂ ತಲೆ ಎತ್ತಿ ಸೂಪರ್‌ವೈಸರ್ ಕಡೆ ನೋಡಿದರು.