ಕುಣಿಯ ಕಟ್ಟೆಗೆ ಎರಡು ಬಡಿತ

ಮಗ್ಗ ತುಳಿಯಲು ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟ ಬಾಳವ್ವ ಕಿಟಾರನೆ ಚೀರಿದಳು. ಉಕ್ಕಿದ ಹಾಲು ಇಳಿಸಲು ಒಳಗೆ ಓಡಿದ್ದ ಮಹಾನಂದಾ ಪಾತ್ರೆ ಅಲ್ಲೇ ಬಿಟ್ಟು ಮಗ್ಗದ ಕಡೆ ಓಡಿ ಬಂದಳು. ಏನಾಗಿದೆಯೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

ಸೆರಗಿನ ಎಳೆಗಳನ್ನು ಸೀರೆಯ ಒಡಲಿಗೆ ಕೊಂಡಿ ಹಾಕಿ ಜೋಡಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಕಮತಗಿಯ ಆ ಓಣಿಯಲ್ಲಿ ಈಕೆಯ ಮಗ್ಗಕ್ಕೆ ಆಕೆ, ಆಕೆಯ ಮಗ್ಗಕ್ಕೆ ಈಕೆ. ಮಹಾನಂದಾ ಕರೆದಾಗ ಪಕ್ಕದ ಮನೆಯ ಬಾಳವ್ವ ಒಲ್ಲೆ ಎಂದವಳೇ ಅಲ್ಲ. ಇಂದೂ ಬಂದವಳು, ನೇಯುವ ಜಾಗ ಖಾಲಿಯಿದ್ದುದನ್ನು ಕಂಡು ಕೂತಿದ್ದಳು.

ಕುಣಿಯ ತಂಪಿನಲ್ಲಿ ಕರಿಯಾ ಮಲಗಿತ್ತು. ಮಹಾನಂದಾಳ ಮನೆಯ ಮುದಿ ನಾಯಿ, ಕಣ್ಣು ಮಂಜು. ನಿದ್ದೆಯಲ್ಲಿ ಕಾಲು ತಗುಲಿದರೆ ಬೆಚ್ಚಿ ಬಾಯಿ ಹಾಕುತ್ತಿತ್ತು. ಬೇಸಿಗೆಯ ಮೊದಲಲ್ಲಿ ಮಹಾನಂದಾಳಿಗೇ ಕಚ್ಚಿತ್ತು. ಅಂದಿನಿಂದ ಆಕೆ ಕೂರುವ ಮುಂಚೆ ಲಾಳಿಯಿಂದ ಕುಣಿಯ ಕಟ್ಟೆಗೆ ಎರಡು ಸಲ ಬಡಿಯುತ್ತಿದ್ದಳು. ಕರಿಯಾ ಎದ್ದು ಹೊರಗೆ ಹೋಗುತ್ತಿತ್ತು. ಓಣಿಗೆ ತಿಳಿದರೆ ನಾಯಿಯನ್ನು ಉಳಿಯಗೊಡುವುದಿಲ್ಲ ಎಂದು ಗಂಡ ಕಳಕಪ್ಪ, ಯಾರಿಗೂ ಹೇಳದಂತೆ ಆಕೆಯ ಬಾಯಿ ಕಟ್ಟಿದ್ದ. ಬಡಿಯುವವಳು ನಾನಿದ್ದೇನಲ್ಲ ಎಂದು ಆಕೆಯೂ ಸುಮ್ಮನಿದ್ದಳು.

ಕರಿಯಾ ಕಚ್ಚಿದ್ದು ಬಾಳವ್ವನ ಕಾಲ್ಬೆರಳಿಗೆ. ದವಾಖಾನೆಯಲ್ಲಿ ಇಂಜೆಕ್ಷನ್ ಚುಚ್ಚಿದರು. ನಾಯಿಯನ್ನು ಕೆಲವು ದಿನ ಎಲ್ಲೂ ಬಿಡದೆ ಕಟ್ಟಿಹಾಕಿ ಕಣ್ಣಿಟ್ಟಿರಿ ಎಂದರು. ಬಾಳವ್ವನಿಗೆ ಸಕ್ಕರೆ ಕಾಯಿಲೆ. ಗಾಯ ಮಾಯುವ ಬದಲು ಕೀವುಗಟ್ಟಿತು. ಬೆರಳು ಉಳಿಯುವ ಭರವಸೆ ಡಾಕ್ಟರರು ಕೊಡಲಿಲ್ಲ. ಮಗ್ಗ ತುಳಿಯುವವಳ ಕಾಲು ಅದು, ಆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಮಹಾನಂದಾ ರೊಟ್ಟಿ ಕಟ್ಟಿಕೊಂಡು ಬಾಳವ್ವನ ಮನೆಗೆ ಹೋದಳು. ನಿನ್ನ ಮಗ್ಗಕ್ಕೆ ನಾನೇ ಕೂರುತ್ತೇನೆ ಎಂದಳು. ತನ್ನ ಮಾತು ತನಗೇ ಹಗುರವೆನಿಸಿ ನಾಚಿಕೆಯಾಯಿತು. ಬಾಳವ್ವ ಗೋಡೆ ನೋಡುತ್ತಿದ್ದಳು.

"ದಿನಾ ಮುಂಜಾನಿ ಗ್ವಾಡಿ ಆಚಿಗಿಂದ ಟಕ್ ಟಕ್ ಅಂತ ಕೇಳ್ತಿತ್ತು. ಮಗ್ಗಕ್ಕ ಕೂಡೂ ಮೊದಲ ಏನೋ ನೇಮ ಮಾಡ್ತಾಳ ಅನ್ಕೊಂಡಿದ್ದೆ."

"ಅಕ್ಕಾ..."

"ನಾಯಿಗೆ ದಿನಾ ಹೇಳ್ತಿದ್ದಿ. ನನಗ ಒಂದ ಸಲ ಹೇಳಲಿಲ್ಲಲ್ಲ ತಂಗಿ."

ಮಹಾನಂದಾ ರೊಟ್ಟಿಯ ಗಂಟು ಅಲ್ಲೇ ಇಟ್ಟು ಬಂದಳು.

ಮರುದಿನ ಮುಂಜಾನೆ ನೋಡಿದರೆ ಕರಿಯಾ ಹಗ್ಗ ಕಡಿದುಕೊಂಡು ಮತ್ತೆ ಕುಣಿಗಿಳಿದಿತ್ತು. ಅರ್ಧಕ್ಕೆ ನಿಂತ ಸೀರೆಯ ಮುಂದೆ ಮಹಾನಂದಾ ಕೂತಳು. ಲಾಳಿ ಎತ್ತಿದಳು. ಎದುರಿಗೆ ಗೋಡೆ. ಅದರಾಚೆ ಬಾಳವ್ವನ ಮಗ್ಗ ಸದ್ದಿಲ್ಲದೆ ನಿಂತಿತ್ತು, ಬಾಳವ್ವ ಎಚ್ಚರವಾಗಿಯೇ ಇದ್ದಿರಬೇಕು.

ಎತ್ತಿದ ಲಾಳಿಯನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕಾಲು ಮೇಲೆ ಮಡಚಿ ಹಾಗೇ ಕೂತಳು. ಕುಣಿಯೊಳಗೆ ಕರಿಯಾ ಗೊರಕೆ ಹೊಡೆಯುತ್ತಿತ್ತು.