ಉಡದ ಪಟ್ಟು

ಲಾಂಡ್ರಿಯ ಹೆಂಗಸರ ಬೇಸ್‌ಬಾಲ್ ತಂಡದಲ್ಲಿ ಅವಳಿಗೆ ಉಡ ಎಂದೇ ಹೆಸರು. ಬ್ಯಾಟಿನವಳ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡನ್ನು ಗ್ಲೋವಿಗೆ ಹಾಕಿಕೊಂಡಳೆಂದರೆ ಅದು ಉಡದ ಪಟ್ಟು. ಹಿಂದೊಮ್ಮೆ ಫೈನಲ್ಲಿನಲ್ಲಿ ಚೆಂಡು ಕೈಜಾರಿ ತಂಡ ಸೋತಾಗಿನಿಂದ ಹೀಗೆ. ಹಿಡಿಯುವುದೇನೋ ಸರಿ, ಮಹಾತಾಯಿ ಬಿಡುವುದು ಯಾವಾಗ? ಎದುರು ತಂಡದ ಓಟಗಾರ್ತಿ ಬೇಸ್ ಎಂಬ ಒಂದು ಠಾಣೆಯಿಂದ ಇನ್ನೊಂದಕ್ಕೆ ಕದ್ದು ಓಡಿದರೆ, ಉಡ ಎಸೆದ ಚೆಂಡು ಅವಳಿಗಿಂತ ಮೊದಲು ಅಲ್ಲಿಗೆ ತಲುಪಬೇಕು. ಈ ವರ್ಷ ಒಂಬತ್ತು ಜನ ಹಾಗೆ ಕದ್ದು ಓಡಿದ್ದರು, ಒಬ್ಬಳೂ ಸಿಕ್ಕಿರಲಿಲ್ಲ.

"ತೋಳಲ್ಲಿ ಬಲಾನೇ ಇಲ್ಲ ಕಣ್ರೀ," ಎಂದು ಗಂಡನ ಮುಂದೆ ಅತ್ತಳು. ಭಾನುವಾರವೂ ಹೀಗೇ ಆದರೆ ಜಾಗ ಬದಲಿ ಹುಡುಗಿಗೆ ಎಂದು ತಂಡದ ಕೋಚೂ ಆಗಿದ್ದ ಲಾಂಡ್ರಿ ಮೇಸ್ತ್ರಿ ಹೇಳಿಬಿಟ್ಟಿದ್ದ. ಇಡೀ ವಾರದಲ್ಲಿ ತನ್ನದು ಎಂದು ಅವಳಿಗಿದ್ದದ್ದು ಆ ಜಾಗವೊಂದೇ, ಪಾಪ.

ಗುರುವಾರ ಅವಳು ಡ್ರೈಯರಿನಿಂದ ಕೋಟುಗಳನ್ನು ತೆಗೆಯುತ್ತಿದ್ದಳು. ಹಿತ್ತಾಳೆ ಗುಂಡಿಗಳು ಕೆಂಡವಾಗಿದ್ದವು. ಎಡಗೈಗೆ ಬಂದದ್ದು ಕಣ್ಣು ಮಿಟುಕಿಸುವುದರೊಳಗೆ ಬಲಗೈಗೆ, ಅಲ್ಲಿಂದ ಬುಟ್ಟಿಗೆ. ಮೇಸ್ತ್ರಿ ನೋಡುತ್ತ ನಿಂತುಬಿಟ್ಟ.

"ಏನಮ್ಮಾ ಉಡ, ಇದನ್ಯಾಕೆ ಅಪ್ಕೊಂಡು ಕೂರಲ್ಲ?"

"ಸುಡುತ್ತಲ್ಲ ಸಾರ್!"

"ಚೆಂಡೂ ಸುಡುತ್ತೆ ಅಂದ್ಕೋ. ನಿನ್ನ ತೋಳಿಗೇನೂ ಆಗಿಲ್ಲ. ಗ್ಲೋವಿಂದ ತೆಗೆಯೋದ್ರಲ್ಲೇ ಅರ್ಧ ಆಯಸ್ಸು ಕಳೀತಿದೀಯ. ಗ್ಲೋವನ್ನ ಕಿವಿ ಹತ್ರ ತಾ, ಬಲಗೈಗೆ ದಾಟ್ಸು, ಎಸಿ. ಅಷ್ಟರಲ್ಲಿ ಕಾಲು ತಿರುಗಿರ್ಲಿ."

"ಜಾರಿದ್ರೆ?"

"ಜಾರ್ಲಿ. ಭೂಮಿ ಬಾಯಿ ಬಿಡಲ್ಲ."

ಭಾನುವಾರ ಮೊದಲ ಓಟಗಾರ್ತಿ ಕದ್ದು ಓಡಿದಳು. ಉಡ ಗ್ಲೋವನ್ನು ಕಿವಿಯ ಬಳಿ ತಂದಳು, ಚೆಂಡು ಜಾರಿತು, ಅವಳ ಕಾಲ ಬುಡದಲ್ಲೇ ಉರುಳಿತು. ಓಟಗಾರ್ತಿ ಎರಡನೇ ಬೇಸಿನಲ್ಲಿ ಹಾಯಾಗಿ ನಿಂತು ಧೂಳು ಕೊಡವಿಕೊಂಡಳು. ಉಡ ಬೆಂಚಿನತ್ತ ನೋಡಿದರೆ ಬದಲಿ ಹುಡುಗಿ ಆಗಲೇ ಮಂಡಿಗೆ ಪ್ಯಾಡ್ ಕಟ್ಟುತ್ತಿದ್ದಾಳೆ! ಮೇಸ್ತ್ರಿ ಅವಳ ತೋಳು ಹಿಡಿದು ಕೂರಿಸಿದ. ಆಮೇಲೆ ಉಡದ ಕಡೆ ತಿರುಗಿ, ಕೈ ಸುಟ್ಟುಕೊಂಡವನ ಹಾಗೆ ಬೆರಳುಗಳನ್ನು ಉಫ್ ಉಫ್ ಎಂದು ಊದಿಕೊಂಡ.

ರುಚಿ ಕಂಡ ಓಟಗಾರ್ತಿ ಮುಂದಿನ ಎಸೆತಕ್ಕೇ ಮೂರನೆಯ ಬೇಸಿಗೂ ಓಟ ಕಿತ್ತಳು. ಚೆಂಡು ಗ್ಲೋವಿಗೆ ಬಡಿಯಿತು. ಸುಟ್ಟಿತು. ಉಡ ಯಾವಾಗ ಎಸೆದಳೋ ಅವಳಿಗೇ ಗೊತ್ತಿಲ್ಲ. ನೋಡುವಷ್ಟರಲ್ಲಿ ಮೂರನೇ ಬೇಸಿನ ಕಾವಲಿನವಳು ಜಾರಿ ಬರುತ್ತಿದ್ದ ಓಟಗಾರ್ತಿಯ ಕಾಲಿಗೆ ಚೆಂಡು ಮುಟ್ಟಿಸಿಯಾಗಿತ್ತು. ಅಂಪೈರ್ ಔಟ್ ಎಂದು ಮುಷ್ಟಿ ಎತ್ತಿದ.

ಉಡ ತನ್ನ ಖಾಲಿ ಕೈ ನೋಡಿಕೊಂಡಳು. ಕಣ್ಣಲ್ಲಿ ನೀರು, ಬಾಯ್ತುಂಬ ನಗು.

"ಬಿಟ್ಟೆ ಸಾರ್!" ಎಂದು ಅಲ್ಲಿಂದಲೇ ಕೂಗಿದಳು. "ಬಿಟ್ಟೇಬಿಟ್ಟೆ!"